ಜೇಬು ನಿಘಂಟು ಕೊಳ್ಳುವ ಮುನ್ನ ನಾಲ್ಕು ಕ್ರಿಯಾಪದ ನೋಡಿ

ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳಲ್ಲಿ ಸಿಗುವ ಅಂಗೈಯಗಲದ ಇಂಗ್ಲಿಷ್–ಕನ್ನಡ ನಿಘಂಟುಗಳು ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ. ಕೊಳ್ಳುವ ಮುನ್ನ ಅಲ್ಲೇ ನಿಂತು ಅಬ್ರೀವಿಯೇಟ್, ಅಬ್ರಿಜ್, ಕರ್ಟೇಲ್, ಟ್ರಂಕೇಟ್ ಈ ನಾಲ್ಕನ್ನು ಹುಡುಕಿ. ನಾಲ್ಕಕ್ಕೂ ‘ಸಂಕ್ಷೇಪಿಸು’ ಎಂದೇ ಬರೆದಿದ್ದರೆ ಪುಸ್ತಕ ವಾಪಸ್ ಇಟ್ಟುಬಿಡಿ. ರಟ್ಟಿನ ಮೇಲೆ ಎಷ್ಟು ಸಾವಿರ ಪದ ಎಂದು ಅಚ್ಚಾಗಿದ್ದರೂ ಅದು ಕೆಲಸಕ್ಕೆ ಬಾರದು.

ಮೊದಲೆರಡು ಒಂದೇ ಬೇರಿನವು. ಲ್ಯಾಟಿನ್‌ನಲ್ಲಿ ‘ಬ್ರೆವಿಸ್’ ಎಂದರೆ ಗಿಡ್ಡ. ಅದರಿಂದಾದ ‘ಅಬ್ರೆವಿಯಾರೆ’ ಫ್ರೆಂಚ್ ಹಾದು ಇಂಗ್ಲಿಷಿಗೆ ಬಂದು ಅಬ್ರಿಜ್ ಆಯಿತು, ನೇರವಾಗಿ ಬಂದು ಅಬ್ರೀವಿಯೇಟ್ ಆಯಿತು. ಕೆಲಸ ಮಾತ್ರ ಬೇರೆ. ಅಬ್ರೀವಿಯೇಟ್ ಮಾಡುವುದು ಹೆಚ್ಚಾಗಿ ಪದವನ್ನು: ಕಿಲೋಮೀಟರ್ ಕಿ.ಮೀ. ಆಗುತ್ತದೆ, ಕ್ರಿಸ್ತ ಶಕ ಕ್ರಿ.ಶ. ಆಗುತ್ತದೆ. ದಪ್ಪ ಕಾದಂಬರಿಯನ್ನು ಕಥೆ ಕೆಡದಂತೆ ಕಿರಿದು ಮಾಡಿದರೆ ಅದು ಅಬ್ರಿಜ್. ಇದಕ್ಕೆ ಇನ್ನೊಂದು ಅರ್ಥವೂ ಇದೆ, ಕೆಎಎಸ್ ಪರೀಕ್ಷೆಗೆ ಓದುವವರು ಎಡವುವುದು ಅಲ್ಲೇ. ಸಂವಿಧಾನದ 13(2)ನೇ ವಿಧಿಯ ಇಂಗ್ಲಿಷ್ ಪಠ್ಯದಲ್ಲಿ, ಮೂಲಭೂತ ಹಕ್ಕುಗಳನ್ನು ‘ಅಬ್ರಿಜ್’ ಮಾಡುವ ಕಾನೂನನ್ನು ಪ್ರಭುತ್ವ ತರಕೂಡದು ಎಂದಿದೆ. ಅಲ್ಲಿ ‘ಸಂಕ್ಷೇಪಿಸು’ ಎಂದು ಓದಿಕೊಂಡರೆ ವಾಕ್ಯವೇ ಅರ್ಥವಾಗದು. ಹಕ್ಕನ್ನು ಕುಗ್ಗಿಸುವುದು ಎಂದಾಗಬೇಕು.

ಕರ್ಟೇಲ್ ಹುಟ್ಟಿದ್ದು ಬಾಲ ಕತ್ತರಿಸಿದ ಕುದುರೆಯನ್ನು ಕರೆಯುತ್ತಿದ್ದ ‘ಕರ್ಟಲ್’ ಎಂಬ ಪದದಿಂದ. ಕನ್ನಡದಲ್ಲಿ ‘ಮೊಟಕುಗೊಳಿಸು’ ಸರಿಯಾಗಿ ಕೂರುತ್ತದೆ: ಅಧಿವೇಶನ ಮೊಟಕು, ಪ್ರವಾಸ ಮೊಟಕು.

ಟ್ರಂಕೇಟ್‌ನ ಲ್ಯಾಟಿನ್ ಮೂಲಕ್ಕೆ ಅಂಗ ಕತ್ತರಿಸು ಎಂಬ ಅರ್ಥವಿದೆ. ಇಲ್ಲಿ ಸಾರ ಉಳಿಸುವ ಮಾತೇ ಇಲ್ಲ, ಗೆರೆ ಬಂದಲ್ಲಿಗೆ ತುಂಡು. ‘ಬೆಂಗಳೂರು’ ನಮ್ಮ ಕಣ್ಣಿಗೆ 4 ಅಕ್ಷರ, ಕಂಪ್ಯೂಟರ್ ಅಕ್ಷರ ಗುರುತಿಸಲು ಬಳಸುವ ಯೂನಿಕೋಡ್ ಲೆಕ್ಕದಲ್ಲಿ 8 ಸಂಕೇತ, ಏಕೆಂದರೆ ಏತ್ವ, ಸೊನ್ನೆ, ಕೊಂಬು ಎಲ್ಲಕ್ಕೂ ಬೇರೆ ಬೇರೆ ಸಂಕೇತಗಳಿವೆ. ತಂತ್ರಾಂಶ 5 ಸಂಕೇತಕ್ಕೆ ಟ್ರಂಕೇಟ್ ಮಾಡಿದರೆ ಉಳಿಯುವುದು ‘ಬೆಂಗಳ’. ‘ಳೂ’ದ ಕೊಂಬು ಕಳಚಿಹೋಗಿರುತ್ತದೆ. ಇದನ್ನು ‘ಸಂಕ್ಷೇಪ’ ಎನ್ನುವ ನಿಘಂಟು ಐಟಿ ಕಚೇರಿಯ ಅನುವಾದಕರನ್ನು ದಾರಿ ತಪ್ಪಿಸುತ್ತದೆ.

ಪದ ಕಡಿಮೆಯಿದ್ದರೂ ಪ್ರತಿ ಅರ್ಥಕ್ಕೆ ಒಂದು ಉದಾಹರಣೆ ವಾಕ್ಯ ಕೊಡುವ ಪುಸ್ತಕಕ್ಕೇ ಹಣ ಕೊಡಿ. ಮೊದಲ ಪುಟಗಳಲ್ಲಿ ಸಂಕೇತಗಳ ಪಟ್ಟಿ ಇದೆಯೇ ಅದನ್ನೂ ನೋಡಿ. ಸ.ಕ್ರಿ. ಎಂದರೆ ಸಕರ್ಮಕ ಕ್ರಿಯಾಪದ, ಅ.ಕ್ರಿ. ಎಂದರೆ ಅಕರ್ಮಕ. ಆ ಪಟ್ಟಿಯನ್ನೇ ಬಿಟ್ಟು ಅಚ್ಚು ಹಾಕಿದ್ದರೆ ಹೊಸಬರಿಗೆ ಒಳಗಿನ ಅರ್ಧ ಗುರುತು ತಿಳಿಯುವುದೇ ಇಲ್ಲ.