ಆದಾಯ ಕುಸಿದ ವರ್ಷ: ಮೀಸಲು ನಿಧಿಯೋ, ಆಸ್ತಿ ತೆರಿಗೆ ಏರಿಕೆಯೋ?

ನಗರದ ಬಜೆಟ್‌ನಲ್ಲಿ ಕೊರತೆ ಬಿದ್ದಾಗ ಮೊದಲು ತಿಳಿಯಬೇಕಾದ್ದು, ಅದು ಈ ವರ್ಷದ ಮಟ್ಟಿಗಿನದೋ, ಪ್ರತಿವರ್ಷ ಮರುಕಳಿಸುವಂಥದ್ದೋ ಎಂಬುದು.

ತಾತ್ಕಾಲಿಕ ಕೊರತೆಗೆ ಮೀಸಲು ನಿಧಿಯೇ ಸರಿ. ಆದರೆ ಕನಿಷ್ಠ ಎರಡು ತಿಂಗಳ ನಿರ್ವಹಣಾ ವೆಚ್ಚ, ಅಂದರೆ ವಾರ್ಷಿಕ ವೆಚ್ಚದ ಸುಮಾರು ಶೇ 17, ಉಳಿದಿರಲೇಬೇಕು. ಸಂಬಳದಂಥ ಪ್ರತಿವರ್ಷದ ಖರ್ಚಿಗೆಂದು ನಿಧಿಗೆ ಕೈಹಾಕಿದರೆ ಕೆಟ್ಟಿತು: ವಾರ್ಷಿಕ ವೆಚ್ಚದ ಶೇ 24ರಷ್ಟಿರುವ ನಿಧಿಯಿಂದ ವರ್ಷಕ್ಕೆ ಆ ವೆಚ್ಚದ ಶೇ 4ರಷ್ಟು ತೆಗೆದರೂ ಎರಡನೇ ವರ್ಷವೇ ಆ ಗೆರೆಗಿಂತ ಕೆಳಗಿಳಿಯುತ್ತದೆ.

ಮರುಕಳಿಸುವ ಕೊರತೆಗೆ ತೆರಿಗೆ ಏರಿಕೆ ಅನಿವಾರ್ಯ. ಆಸ್ತಿ ತೆರಿಗೆ ಮಾರಾಟ ತೆರಿಗೆಯಂತೆ ವ್ಯಾಪಾರ ಕುಗ್ಗಿದೊಡನೆ ಇಳಿಯದು. ಆದರೂ ಲೆಕ್ಕ ಹುಷಾರು: ದರ ಶೇ 10 ಏರಿಸಿ, ವಸೂಲಿ ಶೇ 95ರಿಂದ 90ಕ್ಕೆ ಇಳಿದರೆ ಕೈಗೆ ಬರುವ ಹೆಚ್ಚಳ ಸುಮಾರು ಶೇ 4 ಮಾತ್ರ. ಕಂತಿನ ಸೌಲಭ್ಯವನ್ನು ಏರಿಕೆಯ ಜೊತೆಗೇ ಕೊಡಿ. ಬಾಕಿ ಬೆಳೆದ ಮೇಲೆ ಕೊಟ್ಟರೆ ತಡವಾಯಿತು.