ಆಮೆಗಳ ಜಗಳ ಬಿಡಿಸಿದ ಕೌಲ್‌ಬಜಾರಿನ ಅಂಗಡಿ

ಬಳ್ಳಾರಿಯಲ್ಲಿ ಆಮೆ ಸಾಕುವವರು ಕೌಲ್‌ಬಜಾರಿನ ಈ ಸಣ್ಣ ಮೀನಿನ ಅಂಗಡಿಗೆ ಒಮ್ಮೆ ಹೋಗಲೇಬೇಕು. ನಮ್ಮದು ಎರಡು ಕೆಂಪು ಕಿವಿಯ ಸ್ಲೈಡರ್ ಆಮೆ. ಮರಿಯಿಂದ ಒಟ್ಟಿಗೇ ಬೆಳೆದವು. ಈಚೆಗೆ ದೊಡ್ಡದು ಚಿಕ್ಕದರ ಕಾಲು, ಬಾಲ ಕಚ್ಚಲು ಶುರು ಮಾಡಿತ್ತು. ಊಟ ಹಾಕುವ ನನ್ನ ಬೆರಳಿಗೂ ಬಾಯಿ ಹಾಕುತ್ತಿತ್ತು.

ಅಂಗಡಿಯ ಅಣ್ಣ ಮೊದಲು ವಿಡಿಯೋ ಕೇಳಿದರು. ಮುಂಗಾಲಿನ ಉದ್ದ ಉಗುರು, ದಪ್ಪ ಬಾಲ ನೋಡಿ, "ಅಕ್ಕಾ, ಎರಡೂ ಗಂಡು ಅದಾವ್ರಿ. ಒಂದೇ ತೊಟ್ಟ್ಯಾಗ ಇಡಬ್ಯಾಡ್ರಿ" ಅಂದರು. ಗಂಡು ಸ್ಲೈಡರ್ ಸಾಮಾನ್ಯವಾಗಿ 2ರಿಂದ 5 ವರ್ಷಕ್ಕೆ ಪ್ರಾಯಕ್ಕೆ ಬರುತ್ತದೆ. ಆಗ ಜಾಗಕ್ಕೆ, ಊಟಕ್ಕೆ, ಬಿಸಿಲು ಕಾಯಿಸುವ ಕಲ್ಲಿಗೆ ಹೊಡೆದಾಟ. ಒಂದರ ಮೇಲೊಂದು ಹತ್ತಿ ಕೂತರೆ ಮುದ್ದಾಗಿ ಕಾಣುತ್ತದೆ, ಆದರೆ ಎಷ್ಟೋ ಸಲ ಅದು ಬಿಸಿಲಿನ ಜಾಗ ಕಸಿದುಕೊಳ್ಳುವುದು.

ಹೊಸ ತೊಟ್ಟಿ ಮಾರಲು ಅವರು ಆತುರಪಡಲಿಲ್ಲ. ಸದ್ಯಕ್ಕೆ ದೊಡ್ಡ ಪ್ಲಾಸ್ಟಿಕ್ ಟಬ್ ಸಾಕು, ಒಂದಕ್ಕೊಂದು ಕಾಣಬಾರದು ಅಷ್ಟೇ ಅಂದರು. ಬಿಸಿಲಿನಲ್ಲಿರುವ ಯುವಿಬಿ ಎಂಬ ಅತಿನೇರಳೆ ಕಿರಣ ಕೊಡುವ ದೀಪ ಮಾತ್ರ ಬೇಕೇ ಬೇಕು. ಕಿಟಕಿಯ ಗಾಜು ಯುವಿಬಿಯನ್ನು ತಡೆಯುತ್ತದೆ, ಹಾಗಾಗಿ ಒಳಗೆ ಬೀಳುವ ಬಿಸಿಲು ಲೆಕ್ಕಕ್ಕಿಲ್ಲ. ನಮ್ಮೂರಿನ ಬೇಸಿಗೆ 40 ಡಿಗ್ರಿ ಮುಟ್ಟುತ್ತದೆ ಅಲ್ವಾ, ನೀರು 24ರಿಂದ 28 ಡಿಗ್ರಿಯಲ್ಲಿ ಇರುವಂತೆ ನೋಡಿಕೊಳ್ಳಿ ಅಂತಲೂ ಹೇಳಿದರು.

ದೀಪದ ಬೆಲೆ ಆನ್‌ಲೈನ್‌ಗಿಂತ ಸ್ವಲ್ಪ ಜಾಸ್ತಿ. ಗಾಯಕ್ಕೆ ಔಷಧಿ ಕೇಳಿದರೆ ಪಶುವೈದ್ಯರ ಹತ್ತಿರ ಕಳಿಸುತ್ತಾರೆ. ನನಗೆ ಅದೇ ಸರಿ ಅನ್ನಿಸಿತು. ಸಾಕಲು ಆಗದ ಸ್ಲೈಡರ್ ಅನ್ನು ತುಂಗಭದ್ರಾ ಕಾಲುವೆಗೆ ಬಿಡಬೇಡಿ ಅಂತ ಎಲ್ಲರಿಗೂ ಹೇಳುತ್ತಾರೆ. ಅದು ಅಮೆರಿಕದ ಆಮೆ, ಇಲ್ಲಿನ ಆಮೆಗಳ ಊಟ, ಜಾಗ ಎರಡನ್ನೂ ಕಸಿಯುತ್ತದೆ. ಸಂಜೆ ಗದ್ದಲ ಇರುತ್ತದೆ, ಬೆಳಿಗ್ಗೆ ಹೋಗಿ.