ಬಾಗಿಲಲ್ಲಿ 19, ಕಾರ್ಡಿನಲ್ಲಿ 3757: ಒಂದು ಫೆರಾರಿ ಮಾಡೆಲ್ ತಗೊಂಡ ಕತೆ

ಕಾರು ಚೆನ್ನಾಗಿದೆ, ಡಬ್ಬಿ ಸುಳ್ಳು ಹೇಳುತ್ತದೆ. ಅವಸರ ಇದ್ದವರು ಇಷ್ಟು ಓದಿ ಹೋಗಬಹುದು.

ಮಂಗಳೂರಿನ ಹಂಪನಕಟ್ಟೆ ಹತ್ತಿರ ಒಂದು ಸಣ್ಣ ಅಂಗಡಿ. ಮೊದಲು ಮಕ್ಕಳ ಆಟಿಕೆ ಮಾತ್ರ ಇತ್ತು, ಈಗ ಎರಡು ಕಪಾಟು ತುಂಬ ದೊಡ್ಡವರ ಆಟಿಕೆ. ಅಲ್ಲಿಂದ 11,500 ರೂಪಾಯಿ ಕೊಟ್ಟು 1962ರ ಫೆರಾರಿ 250 ಜಿಟಿಓ ಮಾಡೆಲ್ ತಂದೆ. ನಿಜವಾದ ಕಾರಿನ ಹದಿನೆಂಟರಲ್ಲಿ ಒಂದು ಪಾಲು, ಉದ್ದ ಸುಮಾರು 24 ಸೆಂಟಿಮೀಟರ್, ಒಂದು ಒಳ್ಳೆ ಬಂಗುಡೆಯಷ್ಟು. ಮನೆಯಲ್ಲಿ ಹೇಳಿದ ರೇಟು ಬೇರೆ, ಅದು ಇಲ್ಲಿ ಬೇಡ.

ಬಾನೆಟ್ ಎತ್ತಿದರೆ ವಿ12 ಎಂಜಿನ್ನಿನ ಮೇಲೆ ಆರು ವೆಬರ್ ಕಾರ್ಬುರೇಟರ್ ಸಾಲಾಗಿ ಕೂತಿವೆ. ಒಂದೊಂದಕ್ಕೆ ಗಾಳಿ ಎಳೆಯುವ ಎರಡೆರಡು ತುತ್ತೂರಿ, ಒಟ್ಟು ಹನ್ನೆರಡು, ಎಣಿಸಿದ್ದೇನೆ. ನಿಜವಾದ ಎಂಜಿನ್ 3 ಲೀಟರಿನದ್ದು, ಸುಮಾರು 300 ಎಚ್‌ಪಿ. ನಮ್ಮ ಮಾವನ ಪ್ರೀಮಿಯರ್ ಪದ್ಮಿನಿಯೂ ಇಟಲಿಯ ಫಿಯಟ್ ಸಂತಾನವೇ ಅಲ್ವಾ, ಅದರ ಒಂದೇ ಒಂದು ಕಾರ್ಬುರೇಟರ್ ಸರಿ ಮಾಡಲಿಕ್ಕೆ ಕಂಕನಾಡಿಯ ಮೆಕ್ಯಾನಿಕ್ ಅರ್ಧ ದಿನ ಬಗ್ಗಿ ನಿಲ್ಲುತ್ತಿದ್ದ, ಹಾಗಿರುವಾಗ ಆರನ್ನೂ ಒಂದೇ ತಾಳಕ್ಕೆ ತರುವವನ ಸೊಂಟದ ಗತಿ ಎಂತ ಮಾರಾಯ್ರೆ.

ಮೂತಿಯ ಮೇಲೆ ಮೂರು ಅರ್ಧಚಂದ್ರದ ಕಿಂಡಿ, ಒಳಗೆ ನೀಲಿ ಬಟ್ಟೆಯ ಸೀಟು. ಡ್ಯಾಶ್‌ಬೋರ್ಡ್ ನೋಡಿ ಮಾತ್ರ ನನಗೆ ಸಿಟ್ಟು ಬಂತು. ಆರ್‌ಪಿಎಂ ಮೀಟರ್ ದೊಡ್ಡದಾಗಿ ಇದೆ, ಸ್ಪೀಡೋಮೀಟರೇ ಇಲ್ಲ. ಇಷ್ಟು ದುಡ್ಡು ತಗೊಂಡು ಒಂದು ಮೀಟರ್ ಹಾಕಲಿಕ್ಕೆ ಆಗಲಿಲ್ವಾ ಅಂತ ಅಂಗಡಿಗೆ ಫೋನ್ ಮಾಡುವವನಿದ್ದೆ. ಆಮೇಲೆ ಹಳೆ ಫೋಟೋ ತೆಗೆದು ನೋಡಿದರೆ ನಿಜವಾದ ಕಾರಿನಲ್ಲೇ ಇರಲಿಲ್ಲ. ರೇಸಿಗೆ ಮಾಡಿದ ಕಾರು, ಎಂಜಿನ್ ಎಷ್ಟು ತಿರುಗುತ್ತಿದೆ ಅಂತ ಗೊತ್ತಾದರೆ ಸಾಕು. ಸುಮ್ನೆ ಬೈದಿದ್ದರೆ ನಾನೇ ಪೆದ್ದನಾಗುತ್ತಿದ್ದೆ.

ಈಗ ಡಬ್ಬಿ. ಮೇಲೆ ದಪ್ಪ ಅಕ್ಷರದಲ್ಲಿ ‘1962 ಲೆ ಮಾನ್ಸ್ ವಿಜೇತ’ ಅಂತ ಉಂಟು. ಬಾಗಿಲಿನ ಮೇಲೆ ನಂಬರ್ 19. ಒಳಗೆ ಸರ್ಟಿಫಿಕೇಟ್ ತರ ಒಂದು ಕಾರ್ಡು, ಅದರಲ್ಲಿ ಚಾಸಿ ನಂಬರ್, ಅಂದರೆ ಕಾರಿನ ಚೌಕಟ್ಟಿನ ಗುರುತು, 3757. ಮೂರು ಕಡೆ ಮೂರು ಕತೆ.

ಲೆ ಮಾನ್ಸ್ ಅಂದರೆ ಫ್ರಾನ್ಸಿನ 24 ಗಂಟೆಯ ಕಾರ್ ರೇಸು. ಆ ವರ್ಷ ಅದನ್ನು ಗೆದ್ದದ್ದು ಜಿಟಿಓ ಅಲ್ಲ. 4 ಲೀಟರಿನ ಇನ್ನೊಂದು ಫೆರಾರಿ, ಓಡಿಸಿದವರು ಫಿಲ್ ಹಿಲ್ ಮತ್ತು ಒಲಿವಿಯೆ ಜಾಂಡಬಿಯಾಂ. ನಂಬರ್ 19ರ ಜಿಟಿಓವನ್ನು ಗಿಶೆ ಮತ್ತು ನೋಬ್ಲೆ ಓಡಿಸಿ ಒಟ್ಟಿನಲ್ಲಿ ಎರಡನೆಯವರಾದರು, ಜಿಟಿ ವಿಭಾಗದಲ್ಲಿ, ಅಂದರೆ ರಸ್ತೆಗೂ ಇಳಿಯಬಲ್ಲ ಕಾರುಗಳ ಸಾಲಿನಲ್ಲಿ, ಮೊದಲು. ಕಂಬಳ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೇಗಿಲು ಕಿರಿಯ ವಿಭಾಗದಲ್ಲಿ ಮೊದಲು ಬಂದ ಕೋಣದ ಜೋಡಿಯನ್ನು ಹಗ್ಗ ಹಿರಿಯ ವಿಭಾಗದಲ್ಲಿ ಗೆದ್ದಿತು ಅಂತ ಮೈಕಿನಲ್ಲಿ ಹೇಳಿದರೆ ಜನ ಬಿಡುತ್ತಾರಾ? ಗೆದ್ದದ್ದು ಹೌದು, ಯಾವುದರಲ್ಲಿ ಅಂತಲೂ ಹೇಳಬೇಕು.

ಇನ್ನು ಚಾಸಿ. 19ರ ಕಾರಿನ ಚಾಸಿ 3705. ಕಾರ್ಡಿನಲ್ಲಿರುವ 3757 ಅದೇ ರೇಸಿನಲ್ಲಿ 22ನೇ ನಂಬರಿನಲ್ಲಿ ಓಡಿ ಮೂರನೇ ಬಂದ ಬೇರೆ ಜಿಟಿಓ. ಅದನ್ನು 1977ರಲ್ಲಿ ಪಿಂಕ್ ಫ್ಲಾಯ್ಡ್ ತಂಡದ ಡ್ರಮ್ಮರ್ ನಿಕ್ ಮೇಸನ್ 37,000 ಪೌಂಡಿಗೆ ತಗೊಂಡರು. ಅಂದರೆ ನನ್ನ ಡಬ್ಬಿಯಲ್ಲಿ ಒಂದು ಮನೆಯ ಕೋಣ, ಇನ್ನೊಂದು ಮನೆಯ ಹೆಸರು.

ಅಂಗಡಿಗೆ ಹೋಗಿ ತೋರಿಸಿದೆ. ‘ಕಾರು ಚಂದ ಉಂಟಲ್ಲ ಸರ್, ನಂಬರ್ ಯಾರು ನೋಡ್ತಾರೆ?’ ಅಂದರು. ಅವರು ಮೊನ್ನೆ ಮೊನ್ನೆ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡದ್ದು ನನಗೆ ಗೊತ್ತು. ‘ಅಣ್ಣ, ನೀವು ಆರ್‌ಸಿ ನೋಡದೆ ತಗೊಂಡ್ರಾ? ಪೆನ್ಸಿಲ್ ಉಜ್ಜಿ ಚಾಸಿ ಪ್ರಿಂಟ್ ತೆಗೆಯಲಿಲ್ವಾ?’ ಅಂದೆ. ನಕ್ಕರು.

ಜಿಟಿಓ ವಿಷಯದಲ್ಲಿ ಚಾಸಿ ನಂಬರೇ ಕಾರು. 1962ರಿಂದ 64ರವರೆಗೆ ಮಾಡಿದ್ದು ಬರೇ 36. ಜಿಟಿ ವಿಭಾಗದಲ್ಲಿ ಓಡಬೇಕಾದರೆ 100 ಕಾರು ಮಾಡಬೇಕು ಅಂತ ನಿಯಮ ಇತ್ತು, ಫೆರಾರಿಯವರು ಇದು ಹೊಸ ಕಾರಲ್ಲ, ನಮ್ಮ ಹಳೆ 250 ಜಿಟಿಯನ್ನೇ ಸ್ವಲ್ಪ ತಿದ್ದಿದ್ದು ಅಂತ ಹೇಳಿ ದಾಟಿಕೊಂಡರು. ನಮ್ಮ ಊರಲ್ಲಿ ಹಳೆ ಮನೆ ರಿಪೇರಿ ಅಂತ ಹೇಳಿ ಹೊಸ ಮನೆ ಕಟ್ಟುತ್ತಾರಲ್ಲ, ಹಾಗೆ. ಕಾರನ್ನು ಶುರು ಮಾಡಿದ ಎಂಜಿನಿಯರ್ ಬಿಜ್ಜಾರಿನಿ ಮತ್ತು ಇನ್ನೂ ಕೆಲವರು 1961ರ ಕೊನೆಗೆ ಕಂಪನಿಯಿಂದ ಹೊರಗೆ ಬಿದ್ದರು, ಉಳಿದ ಕೆಲಸ 26 ವರ್ಷದ ಫೋರ್ಗಿಯೇರಿ ತಲೆಗೆ ಬಂತು. ಆದರೂ 1962, 63, 64, ಮೂರೂ ವರ್ಷ ಜಿಟಿ ಚಾಂಪಿಯನ್‌ಶಿಪ್ ಇದರದ್ದೇ.

ನಾವು ಹಳೆ ಕಾರು ನೋಡುವಾಗ ಮೊದಲ ಪ್ರಶ್ನೆ ಎಷ್ಟನೇ ಓನರ್. ಮೂರನೇ ಓನರ್ ಅಂದರೆ ಮುಖ ಸಣ್ಣ, ಬಾಡಿ ಬದಲಾಗಿದೆ ಅಂದರೆ ಎದ್ದು ಬರುತ್ತೇವೆ. ಇಲ್ಲಿ ಲೆಕ್ಕ ಉಲ್ಟಾ. ಚಾಸಿ 3413 ನೋಡಿ. ಮೊದಲು ಕೊಂಡ ಲುವಾಲ್ದಿ ಗಬಾರ್ದಿ 1962ರಲ್ಲಿ ಅದನ್ನು ಗುಡ್ಡ ಹತ್ತುವ ರೇಸುಗಳಲ್ಲಿ ಓಡಿಸಿ ಇಟಲಿಯ ಜಿಟಿ ಚಾಂಪಿಯನ್ ಆದರು. ಆಮೇಲೆ ಒಡವೆಯ ಬುಲ್ಗಾರಿ ಮನೆತನದ ಜಾನ್ನಿ ಬುಲ್ಗಾರಿ, ಸಿಸಿಲಿಯ ರಸ್ತೆ ರೇಸು ಟಾರ್ಗಾ ಫ್ಲೋರಿಯೋದಲ್ಲಿ 1963ರಲ್ಲಿ ವಿಭಾಗಕ್ಕೆ ಮೊದಲು. ಮುಂದಿನ ವರ್ಷ ಅದೇ ರೇಸಿನಲ್ಲಿ ಅದೇ ಕಾರಿಗೆ ಕೊರಾದೋ ಫೆರ್ಲಾಯಿನೋ ಮತ್ತೆ ಗೆಲುವು ತಂದರು. ಫುಟ್‌ಬಾಲ್ ಹುಚ್ಚು ಇರುವವರು ಕಿವಿ ಕೊಡಿ, 1984ರಲ್ಲಿ ಮರಡೋನಾ ನಾಪೋಲಿಗೆ ಬಂದಾಗ ಕ್ಲಬ್ಬಿನ ಅಧ್ಯಕ್ಷ ಇದೇ ಫೆರ್ಲಾಯಿನೋ! ಇಷ್ಟು ಕೈ ಬದಲಾಗಿ, 1964ರಲ್ಲಿ ಬಾಡಿಯನ್ನೂ ಬದಲಿಸಿಕೊಂಡ ಕಾರು 2018ರ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು, ಆಗಿನ ದರದಲ್ಲಿ 330 ಕೋಟಿ ರೂಪಾಯಿಗೂ ಜಾಸ್ತಿ. ಹೊಸದರಲ್ಲಿ ಅಮೆರಿಕದಲ್ಲಿ ಇದರ ಬೆಲೆ 18,500 ಡಾಲರ್ ಇತ್ತು.

ಎಲ್ಲಾ ಜಿಟಿಓಗೂ ರಾಜಯೋಗ ಇರಲಿಲ್ಲ. ಚಾಸಿ 3589ನ್ನು ಯಜಮಾನರು ಟೆಕ್ಸಾಸಿನ ಒಂದು ಹೈಸ್ಕೂಲಿಗೆ ದಾನ ಮಾಡಿದರು. ಶಾಲೆಯವರು 1972ರಲ್ಲಿ ಬರೇ 6,500 ಡಾಲರಿಗೆ ಮಾರಿದರು, ತಗೊಂಡವನು ಟ್ರೇಲರಿನ ಮೇಲೆ ಬಯಲಲ್ಲಿ ವರ್ಷಗಟ್ಟಲೆ ಹಾಗೇ ಬಿಟ್ಟ. ಮಳೆ, ಹಿಮ, ಎಲ್ಲ ಅದರ ಮೇಲೆ. ನನ್ನ ಹೊಟ್ಟೆ ಉರಿಯುವುದು ಆ 330 ಕೋಟಿಗಲ್ಲ, ಈ ಟ್ರೇಲರಿಗೆ.

ಮಳೆ ಅಂದಾಗ ನೆನಪಾಯಿತು. ಮಾಡೆಲಿನ ಚಕ್ರಕ್ಕೆ ನಿಜವಾದ ತಂತಿಯ ಕಡ್ಡಿಗಳು, ನೋಡಲಿಕ್ಕೆ ಬಹಳ ಚಂದ. ಆದರೆ ನಮ್ಮದು ಕಡಲ ಕರೆಯ ಉಪ್ಪು ಗಾಳಿ. ಜೂನಿನಲ್ಲಿ ತಂದೆ, ಆಟಿ ತಿಂಗಳು ಮುಗಿಯುವಷ್ಟರಲ್ಲಿ, ಅಂದರೆ ಆಗಸ್ಟ್ ನಡುವಿಗೆ, ಹಿಂದಿನ ಎಡ ಚಕ್ರದಲ್ಲಿ ನಾಲ್ಕು ಕಡ್ಡಿಗೆ ಕಂದು ಚುಕ್ಕಿ. ಈಗ ಗಾಜಿನ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟಿದ್ದೇನೆ. ಬಾನೆಟ್ಟಿನ ಒಂದು ಕೀಲು ಸಡಿಲ, ಬಲಗಡೆ ಬಾಗಿಲು ಪೂರ್ತಿ ಕೂರುವುದಿಲ್ಲ. ಪೇಂಟ್ ಬಗ್ಗೆ ದೂರಿಲ್ಲ.

ಅಂಗಡಿಯವರು ಕೊನೆಗೆ 800 ರೂಪಾಯಿ ವಾಪಸ್ ಕೊಟ್ಟರು, ಕಾರ್ಡು ಬದಲಿಸಲಿಕ್ಕೆ ಅವರ ಕೈಯಲ್ಲಿಲ್ಲ. ನಾನೇ ಪೆನ್ನಿನಲ್ಲಿ 3757 ಹೊಡೆದು 3705 ಅಂತ ಬರೆದೆ.

ಇನ್ನೆರಡು ಪೀಸ್ ಬರಲಿಕ್ಕಿದೆಯಂತೆ. ತಗೊಳ್ಳುವವರು ಅಂಗಡಿಯಲ್ಲೇ ಡಬ್ಬಿ ಬಿಚ್ಚಿಸಿ, ಬಾನೆಟ್ ಎರಡು ಸಲ ಎತ್ತಿ ಇಳಿಸಿ, ಬಲಗಡೆ ಬಾಗಿಲು ಹಾಕಿ ನೋಡಿ. 10,500ಕ್ಕಿಂತ ಜಾಸ್ತಿ ಕೊಡಬೇಡಿ. ಸ್ಪೀಡೋಮೀಟರ್ ಕೇಳಬೇಡಿ.